ಮರಳಿನಡಿಯ ತೊಂಬತ್ತು ದಿನ

ದುಬೈ, ಅಬುಧಾಬಿಯಲ್ಲಿ ಇರೋ ನಮ್ಮ ಕೇಳುಗರಿಗೆ ಗೊತ್ತು, ಅಲ್ಲಿ ನಲ್ಲಿ ತಿರುಗಿಸಿದರೆ ಬರೋದು ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು. ಸಮುದ್ರವೇ ಕೆಟ್ಟರೆ? 2008–09ರಲ್ಲಿ ಕೆಂಪು ಪಾಚಿ ಹಬ್ಬಿ ಕೊಲ್ಲಿಯ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಅಂಥ ದಿನಕ್ಕೆಂದೇ ಅಬುಧಾಬಿಯವರು ಲಿವಾ ಮರುಭೂಮಿಯಲ್ಲಿ ನೀರು ಕೂಡಿಟ್ಟಿದ್ದಾರೆ. ಉಪ್ಪು ತೆಗೆದ ನೀರನ್ನ ಪೈಪಿನಲ್ಲಿ ತಂದು, 27 ತಿಂಗಳು ಮರಳಿಗೆ ಇಂಗಿಸಿದರು. ಸುಮಾರು 2,600 ಕೋಟಿ ಲೀಟರ್. ಮೇಲೆತ್ತೋಕೆ 300ಕ್ಕೂ ಹೆಚ್ಚು ಬಾವಿ. 2018ರಲ್ಲಿ ಉದ್ಘಾಟನೆ ಆಯಿತು. ತೆರೆದ ಕೆರೆಯಲ್ಲಿ ಇಟ್ಟಿದ್ರೆ ಆ ಬಿಸಿಲಿಗೆ ಎಷ್ಟು ಉಳೀತಿತ್ತು!

ನನಗೆ ಹಿಡಿಸಿದ್ದು ಅವರು ಗುರಿ ಹೇಳಿದ ರೀತಿ: 10 ಲಕ್ಷ ಜನ, ತಲಾ ದಿನಕ್ಕೆ 180 ಲೀಟರ್, 90 ದಿನ.

ಅದೇ 2018ರಲ್ಲಿ ನಮ್ಮ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಶುದ್ಧೀಕರಿಸಿದ್ದು, ಅಂತರ್ಜಲ ಏರಿಸೋಕೆ. (ಮೂರನೇ ಹಂತವೂ ಬೇಕು ಅನ್ನೋರ ಪಕ್ಷ ನಾನು. ಅದು ಇನ್ನೊಂದು ಸಂಚಿಕೆಗೆ.) ಹಲವು ಕಡೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ, ಸಂತೋಷ. ಆದರೆ ಅದರಲ್ಲಿ ಬರಗಾಲಕ್ಕೆ ಅಂತ ಮುಟ್ಟದೆ ಇಡೋದು ಎಷ್ಟು ದಿನದ್ದು? ಲಿವಾದ ಬಾವಿಗಳು ಸರ್ಕಾರದ ಕೈಲಿವೆ. ನಮ್ಮಲ್ಲಿ ನೀರು ಏರಿದ ಸುದ್ದಿ ಹಬ್ಬಿದರೆ ಪಕ್ಕದ ಹೊಲಕ್ಕೆ ಬೋರ್‌ವೆಲ್ ಲಾರಿ ಬರುತ್ತೆ. ಅದೂ ಅಲ್ಲದೆ ಕೋಲಾರದ್ದು ಗಟ್ಟಿ ಬಂಡೆ, ಮರಳಿನಷ್ಟು ನೀರು ಹಿಡಿಯಲ್ಲ. ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಬೇಸಿಗೆ ಬಂದ ಮೇಲೆ ಎಷ್ಟು ಟ್ಯಾಂಕರ್ ಕಳಿಸಿದೆವು ಅನ್ನೋ ಪಟ್ಟಿ ಯಾಕೆ ಸ್ವಾಮಿ? ಮಳೆ ಕೈಕೊಟ್ಟರೆ ಮುಳಬಾಗಿಲಿಗೆ ಎಷ್ಟು ದಿನದ ಕುಡಿಯೋ ನೀರಿದೆ ಅಂತ ಜನವರಿಯಲ್ಲೇ ಹೇಳಿ.