ಕೆಲಸ ಹರಿಹರಪುರದಲ್ಲಿ, ತೆರಿಗೆ ಯಾವೂರಿಗೆ?

ಹರಿಹರಪುರ: ಕೊರೊನಾ ಟೈಮಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದವರಲ್ಲಿ ಕೆಲವರು ವಾಪಸ್ ಹೋಗಲೇ ಇಲ್ಲ. ಕಂಪನಿ ಹೈದರಾಬಾದಿನದ್ದೋ ಗುರುಗ್ರಾಮದ್ದೋ, ಕೆಲಸ ಮಾತ್ರ ತುಂಗೆ ದಡದ ಮನೆ ಜಗಲಿಯಿಂದ. ಹಾಗಾದ್ರೆ ಇವರ ಸಂಬಳದ ತೆರಿಗೆ ಯಾವ ರಾಜ್ಯಕ್ಕೆ?

ಅಮೆರಿಕದಲ್ಲಿ ಇದು ದೊಡ್ಡ ಜಗಳ. ಅಲ್ಲಿ ಹೆಚ್ಚಿನ ರಾಜ್ಯಗಳಿಗೆ ತಮ್ಮದೇ ಆದಾಯ ತೆರಿಗೆ ಇದೆ. ನ್ಯೂಯಾರ್ಕ್ ಕಚೇರಿಯ ನೌಕರ ತನ್ನ ಅನುಕೂಲಕ್ಕೆ ಪಕ್ಕದ ರಾಜ್ಯದ ಮನೆಯಲ್ಲಿ ಕೂತು ದುಡಿದರೂ ನ್ಯೂಯಾರ್ಕ್ ತೆರಿಗೆ ಕೇಳುತ್ತದೆ. ನಮ್ಮಲ್ಲಿ ಆ ತಾಪತ್ರಯ ಇಲ್ಲ. ಸಂಬಳದ ಆದಾಯ ತೆರಿಗೆ ಹಾಕೋದು ಕೇಂದ್ರ, ಎಲ್ಲಿ ಕೂತರೂ ದರ ಒಂದೇ.

ರಾಜ್ಯ ಹಿಡಿಯೋದು ವೃತ್ತಿ ತೆರಿಗೆ. ಸಂವಿಧಾನದ 276ನೇ ವಿಧಿ ಪ್ರಕಾರ ಅದು ವರ್ಷಕ್ಕೆ 2,500 ರೂ. ಮೀರುವಂತಿಲ್ಲ. ಕರ್ನಾಟಕದಲ್ಲಿ 25,000 ರೂ. ಮತ್ತು ಅದಕ್ಕಿಂತ ಹೆಚ್ಚಿನ ಮಾಸಿಕ ಸಂಬಳಕ್ಕೆ 200 ರೂ., ಫೆಬ್ರವರಿಯಲ್ಲಿ ಮಾತ್ರ 300. ತೆಲಂಗಾಣದಲ್ಲಿ 15,000 ದಾಟಿದರೇ ಶುರು. ಗುರುಗ್ರಾಮ ಇರುವ ಹರಿಯಾಣದಲ್ಲಿ ಈ ತೆರಿಗೆಯೇ ಇಲ್ಲ.

ಗೊಂದಲ ಇರೋದು ಇಲ್ಲೇ. ನಮ್ಮ ರಾಜ್ಯದ ಕಾಯ್ದೆ 1976ರದ್ದು. ಆಫೀಸು ಒಂದು ರಾಜ್ಯ, ನೌಕರ ಇನ್ನೊಂದು ರಾಜ್ಯ ಅನ್ನೋದು ಆಗ ಯಾರ ತಲೆಯಲ್ಲೂ ಇರಲಿಲ್ಲ. ಕಂಪನಿಗಳು ಸಾಮಾನ್ಯವಾಗಿ ತಮ್ಮ ದಾಖಲೆಯಲ್ಲಿರುವ ಕೆಲಸದ ಸ್ಥಳ ನೋಡಿ ಹಿಡಿಯುತ್ತವೆ. ದಾಖಲೆಯಲ್ಲಿ ಹೈದರಾಬಾದ್ ಅಂತಿದ್ದರೆ ದುಡ್ಡು ತೆಲಂಗಾಣಕ್ಕೆ. ಹುಡುಗ ಓಡಾಡೋದು ಮಾತ್ರ ಕೊಪ್ಪದ ರಸ್ತೆಯಲ್ಲಿ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕೇರಳ, ತಮಿಳುನಾಡಿನಲ್ಲಿ ವೃತ್ತಿ ತೆರಿಗೆ ವಸೂಲು ಮಾಡೋದು ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳು. ನಮ್ಮಲ್ಲಿ ಅದು ವಾಣಿಜ್ಯ ತೆರಿಗೆ ಇಲಾಖೆ ಮೂಲಕ ರಾಜ್ಯದ ಖಜಾನೆಗೆ. ಅಂದ್ರೆ ದಾಖಲೆ ಸರಿಮಾಡಿಸಿ ಕರ್ನಾಟಕಕ್ಕೇ ಕಟ್ಟಿದರೂ ನಮ್ಮ ಗ್ರಾಮ ಪಂಚಾಯಿತಿ ಅದನ್ನು ತನ್ನ ತೆರಿಗೆ ಅಂತ ಬರೆದುಕೊಳ್ಳೋ ಹಾಗಿಲ್ಲ. ಅದರ ಪಾಲಿಗೆ ಮನೆ ಕಂದಾಯ, ನೀರಿನ ಬಿಲ್ಲು.

ವರ್ಷಕ್ಕೆ 2,500 ರೂ. ದೊಡ್ಡ ಮೊತ್ತ ಅಲ್ಲ ಅನ್ನಬಹುದು. ಹತ್ತು ಜನ ಅಂದ್ರೆ 25,000. ಹಳ್ಳಿಯ ಬೀದಿದೀಪಕ್ಕೆ, ಮಳೆಗಾಲದ ಚರಂಡಿಗೆ ಅದೂ ದುಡ್ಡೇ. ಊರಿಗೆ ಮರಳಿದವರ ತೆರಿಗೆಯಲ್ಲಿ ಊರಿಗೂ ಒಂದು ಪಾಲು ಕೊಡಿ ಅಂತ ನಮ್ಮ ಜನಪ್ರತಿನಿಧಿಗಳು ಕೇಳೋದರಲ್ಲಿ ತಪ್ಪೇನಿದೆ?

ಅಲ್ಲಿಯವರೆಗೆ ಮನೆಯಿಂದ ಕೆಲಸ ಮಾಡುವವರು ಈ ತಿಂಗಳ ಸಂಬಳದ ಚೀಟಿ ತೆಗೆದು ನೋಡಿ. ವೃತ್ತಿ ತೆರಿಗೆ ಯಾವ ರಾಜ್ಯದ ಹೆಸರಲ್ಲಿದೆ? ತಪ್ಪಿದ್ದರೆ ಕಂಪನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ, ಮೇಲ್ ಹಾಕಿ ಕೆಲಸದ ಸ್ಥಳ ಸರಿಮಾಡಿಸಿ.