ಲಾರಿಯ ಮೂಲ ರೂಪ

ಪುಣೆಯ ಹೊರವಲಯದ ಒಂದು ಗ್ಯಾರೇಜಿನ ಬೇವಿನ ಮರದ ಕೆಳಗೆ ಎರಡು ವರ್ಷಗಳಿಂದ ನನ್ನ ಭಾನುವಾರಗಳು ಕಳೆಯುತ್ತಿವೆ. ಅಲ್ಲಿ ನಿಂತಿರುವುದು ಅರವತ್ತರ ದಶಕದ ಕೊನೆಯ ಒಂದು ಟಾಟಾ ಮರ್ಸಿಡಿಸ್ ಲಾರಿ. ಮೂವರು ಗೆಳೆಯರು ಸೇರಿ ಗುಜರಿಯವರ ಕೈಯಿಂದ ಬಿಡಿಸಿಕೊಂಡು ಬಂದದ್ದು. ಟೆಲ್ಕೊ ಸಂಸ್ಥೆ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ಲಾರಿಗಳ ಮೂತಿಯಿಂದ ಮೂರು ಮೊನೆಯ ನಕ್ಷತ್ರ ಇಳಿಯಿತು, ಟಾಟಾದ 'ಟಿ' ಏರಿತು. ನಮ್ಮ ಲಾರಿಯಲ್ಲಿ ಎರಡೂ ಇಲ್ಲ. ನಕ್ಷತ್ರವಿದ್ದ ಜಾಗದಲ್ಲಿ ತುಕ್ಕು ಹಿಡಿದ ತೂತುಗಳಷ್ಟೇ ಉಳಿದಿವೆ.

ನನ್ನ ತಂದೆ ಇಂಥದೇ ಒಂದು 'ಬೆಂಝ್ ಗಾಡಿ'ಯನ್ನು ಹುಬ್ಬಳ್ಳಿ-ಪುಣೆ ರಸ್ತೆಯಲ್ಲಿ ಓಡಿಸುತ್ತಿದ್ದವರು. ಮಗನ ಕೈಗೆ ಮಾತ್ರ ಗ್ರೀಸ್ ತಾಗಬಾರದೆಂಬುದು ಅವರ ಹಟ. ನಾನು ಇಂಗ್ಲಿಷ್ ಎಂ.ಎ. ಮಾಡಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕುಳಿತೆ. ಅಲ್ಲಿ ನನ್ನ ಮೇಜಿಗೆ ಬರುವ ಕಡತಗಳಲ್ಲಿ ಹಳೆಯ ವಾಹನಗಳನ್ನು ಕಂಡಮ್ ಮಾಡುವವೂ ಸೇರಿವೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತದೆ. ಆ ಕಡತಗಳಿಗೆ ಸಹಿ ಹಾಕುವಾಗ ನನಗೆ ಅಳುಕಿಲ್ಲ. ರಸ್ತೆಯ ಮೇಲಿನ ಗಾಳಿ ಎಲ್ಲರದ್ದು. ಆದರೆ ವಾರದಲ್ಲಿ ಐದು ದಿನ ವಾಹನಗಳನ್ನು ಕಳುಹಿಸಿಕೊಡುವವನು ಭಾನುವಾರ ಒಂದನ್ನು ಉಳಿಸಲು ಹೆಣಗುವುದು ನನಗೇ ವಿಚಿತ್ರವೆನಿಸುತ್ತದೆ. ಆ ವಿಚಿತ್ರಕ್ಕೆ ಕಾರಣ ಹುಡುಕುವ ಪ್ರಯತ್ನ ಈ ಬರಹ.

ದುರಸ್ತಿ ಎಂದರೆ ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕುವುದು ಎಂದು ತಿಳಿದಿದ್ದೆ. ಮೊದಲ ಆರು ತಿಂಗಳಲ್ಲಿ ನಾನು ಕಲಿತದ್ದು ಕೇವಲ ಗಾಳಿಯ ವಿಷಯ. ಡೀಸೆಲ್ ಕೊಳವೆಯೊಳಗೆ ಸ್ವಲ್ಪ ಗಾಳಿ ಸಿಕ್ಕಿಕೊಂಡರೂ ಎಂಜಿನ್ ಮಿಸುಕುವುದಿಲ್ಲ. ಫಿಲ್ಟರಿನ ತಲೆಯ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತುತ್ತ ಹೋಗಬೇಕು. ನೊರೆ ನಿಂತು ಡೀಸೆಲ್ ತಿಳಿಯಾಗಿ ಹರಿದಾಗ ತಿರುಪನ್ನು ಬಿಗಿಯಬೇಕು. ಆಮೇಲೆ ಇಂಜೆಕ್ಷನ್ ಪಂಪು, ಕೊನೆಗೆ ಒಂದೊಂದೇ ನಾಝಲಿನ ನಟ್ಟು. ಈ ಕ್ರಮವನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಎಪ್ಪತ್ತು ದಾಟಿದ ಮರಾಠಿ ಮಿಸ್ತ್ರಿ ಕಾಕಾ. ಆ ಇಂಜೆಕ್ಷನ್ ಪಂಪಿನ ಮೈಯ ಮಸಿ ಒರೆಸಿದಾಗ ಕಾಣಿಸಿದ ಹೆಸರು ಮೈಕೊ. 1951ರಲ್ಲಿ ಆರಂಭವಾಗಿ ಈಗ ಬಾಷ್ ಎಂದು ಹೆಸರು ಬದಲಿಸಿಕೊಂಡಿರುವ ಅದೇ ಸಂಸ್ಥೆ.

ಎಲ್ಲವನ್ನೂ ಸ್ವತಃ ಮಾಡಿದೆವೆಂದು ಹೇಳಿಕೊಂಡರೆ ಸುಳ್ಳಾದೀತು. ಇಂಜೆಕ್ಷನ್ ಪಂಪಿನ ಅಳತೆ ಕೂಡಿಸುವುದಕ್ಕೆ ಪರೀಕ್ಷಾ ಯಂತ್ರವೇ ಬೇಕು. ಅದನ್ನು ಬಲ್ಲವರ ಬಳಿಗೆ ಒಯ್ದೆವು. ಲಾಕ್ ರಿಂಗ್ ಇರುವ ಹಳೆಯ ಚಕ್ರಗಳನ್ನಂತೂ ಕಾಕಾ ನಮಗೆ ಮುಟ್ಟಗೊಡಲಿಲ್ಲ. ಸರಿಯಾಗಿ ಕೂರದ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವನ ಜೀವ ಹೋಗುತ್ತದೆ. ಯಾವುದನ್ನು ತಾನು ಮಾಡಬಾರದು ಎಂದು ತಿಳಿಯುವುದೂ ಈ ವಿದ್ಯೆಯ ಭಾಗವೇ.

ಕಳೆದ ಮಳೆಗಾಲದಲ್ಲಿ ಕ್ಯಾಬಿನ್ನಿನ ತಗಡು ಬಿಚ್ಚಿದಾಗ ಒಳಗಿನ ಮರದ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೀಟುಗಳು ಕಂಡವು. ಕಾಕಾ ಕನ್ನಡಕ ಏರಿಸಿಕೊಂಡು ನೋಡಿ, "ಸಾಹೇಬರೇ, ಇದು ಯಾವ ಲಿಪಿಯೋ ನೋಡಿ" ಎಂದರು. ಬಗ್ಗಿ ನೋಡಿದೆ. ೨೨, ೩೬, ೪೧ ಎಂದಿತ್ತು. ಕನ್ನಡದ ಅಂಕಿಗಳು. ಯಾವುದೋ ಊರಿನ ಬಡಗಿಯೊಬ್ಬರು ಅರ್ಧ ಶತಮಾನದ ಹಿಂದೆ ಬರೆದಿಟ್ಟುಕೊಂಡ ಅಳತೆ. ಆ ಕಾಲದಲ್ಲಿ ಕಾರ್ಖಾನೆಯಿಂದ ಹೊರಬರುತ್ತಿದ್ದದ್ದು ಎಂಜಿನ್, ಚಾಸಿ, ಮೂತಿ ಇಷ್ಟೇ. ಕ್ಯಾಬಿನ್ನನ್ನೂ ಸರಕಿನ ತೊಟ್ಟಿಯನ್ನೂ ಊರೂರಿನ ಬಡಗಿಗಳು, ಕಮ್ಮಾರರು ಕಟ್ಟುತ್ತಿದ್ದರು. ಬಣ್ಣ, ಹೂಬಳ್ಳಿ, ದೇವರ ಹೆಸರು ಪೇಂಟರಿನ ಪಾಲು.

ಇಲ್ಲಿಂದ ನನ್ನ ತಕರಾರು ಆರಂಭವಾಗುತ್ತದೆ. 50 ವರ್ಷ ಮೀರಿದ ವಾಹನಗಳನ್ನು 'ವಿಂಟೇಜ್' ಎಂದು ಗುರುತಿಸುವ ನಿಯಮ 2021ರ ಜುಲೈಯಲ್ಲಿ ಬಂತು. 20,000 ರೂಪಾಯಿ ಕಟ್ಟಿದರೆ 10 ವರ್ಷಗಳ ನೋಂದಣಿ, 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ. ನಿಯಮ ಒಳ್ಳೆಯದೇ. ಆದರೆ ಅದು ದ್ವಿಚಕ್ರ ವಾಹನಗಳಿಗೂ ಸ್ವಂತ ಬಳಕೆಯ ಕಾರುಗಳಿಗೂ ಮಾತ್ರ ಅನ್ವಯಿಸುತ್ತದೆ. ಲಾರಿ ಅದರ ವ್ಯಾಪ್ತಿಯಲ್ಲಿಲ್ಲ. ಮಹಾರಾಜರ ಕಾರು ಪರಂಪರೆ. ಆ ಮಹಾರಾಜರ ಊರಿಗೆ ಜೋಳ, ಹತ್ತಿ, ಸಿಮೆಂಟು ಹೊತ್ತು ತಂದ ಲಾರಿ ಗುಜರಿ. ನಮ್ಮ ಲಾರಿಯ ಎಂಜಿನ್ ಈಗ ಓಡುತ್ತದೆ, ಆದರೆ ಲಾರಿ ಗೇಟು ದಾಟುವಂತಿಲ್ಲ. ದಾಟಬೇಕಾದರೆ ಸರಕು ವಾಹನವೆಂದೇ ಯೋಗ್ಯತಾ ಪರೀಕ್ಷೆಗೆ ನಿಲ್ಲಬೇಕು. ಸರಕು ಸಾಗಿಸುವ ಇರಾದೆ ನಮಗಿಲ್ಲ.

ನಾಳೆ ಲಾರಿಗಳನ್ನೂ ಸೇರಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ. ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಮೈಕಟ್ಟು, ಎಂಜಿನ್ ಬದಲಾಗಿರಬಾರದು ಎನ್ನುತ್ತದೆ ನಿಯಮ. ಗ್ಯಾರೇಜಿನಲ್ಲಿ ಕಾಪಿಟ್ಟ ಕಾರಿಗೆ ಇದು ಸರಿ. ಆದರೆ ಲಕ್ಷಾಂತರ ಮೈಲಿ ದುಡಿದ ಲಾರಿಗೆ ಮೂಲ ರೂಪವೆಂದರೆ ಯಾವುದು? ಇದರ ಲೈನರುಗಳು ಎಷ್ಟು ಸಲ ಬದಲಾಗಿವೆಯೋ! ಚಾಸಿಗೆ ಎರಡು ಕಡೆ ತೇಪೆ ಬಿದ್ದಿದೆ. ಇವುಗಳನ್ನೆಲ್ಲ ಅಳಿಸಿ ಕಾರ್ಖಾನೆಯ ಹೊಳಪು ತಂದರೆ ಬಡಗಿಯ ಅಂಕಿಗಳೂ ಅಳಿಸುತ್ತವೆ. ದುರಸ್ತಿಯೇ ಲಾರಿಯ ಚರಿತ್ರೆ. ಆದುದರಿಂದಲೇ ನಾವು ಆ ಚೌಕಟ್ಟಿನ ಕೊಳೆತ ಮರವನ್ನಷ್ಟೇ ಬದಲಿಸಿ, ಅಂಕಿಗಳಿದ್ದ ತುಂಡನ್ನು ಹಾಗೆಯೇ ಉಳಿಸಿಕೊಂಡೆವು.

ಹೊಗೆಯ ಮಾತು ಎತ್ತುವವರಿದ್ದಾರೆ, ಎತ್ತಬೇಕಾದ್ದೇ. ಭಾರತ್ ಸ್ಟೇಜ್ ಮಾನದಂಡಗಳಿಗಿಂತ ಮೂರು ದಶಕ ಹಿರಿಯ ಎಂಜಿನ್ ಇದು. ಇಂಥವು ಮತ್ತೆ ಬಾಡಿಗೆಗೆ ಓಡಲಿ ಎಂದು ನಾನು ಹೇಳುತ್ತಿಲ್ಲ. ವಿಂಟೇಜ್ ಕಾರುಗಳಿಗೂ ಪ್ರದರ್ಶನ, ಸಂಶೋಧನೆ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಯುವ ಅನುಮತಿ ಇದೆ. ಅದೇ ಕಟ್ಟುಪಾಡು ಲಾರಿಗೂ ಇರಲಿ, ಸರಕು ಹೇರುವಂತಿಲ್ಲ ಎಂಬ ಷರತ್ತೂ ಇರಲಿ. ಮೂಲ ರೂಪದ ಬದಲು 'ದಾಖಲೆಯುಳ್ಳ ದುರಸ್ತಿ' ಎಂಬ ಮಾತು ನಿಯಮದಲ್ಲಿ ಬರಲಿ. ಸರ್ಕಾರಿ ನೌಕರನಾಗಿ ನಾನು ನೀತಿಯನ್ನು ಖಂಡಿಸಲು ಹೊರಟಿಲ್ಲ. ಒಂದು ವ್ಯಾಖ್ಯೆಯನ್ನು ಕೊಂಚ ಹಿಗ್ಗಿಸಿ ಎಂದು ಅರಿಕೆ ಮಾಡುತ್ತಿದ್ದೇನೆ.

ಅವಸರಕ್ಕೂ ಕಾರಣವಿದೆ. ಲಾರಿಯನ್ನು ಇನ್ನಷ್ಟು ವರ್ಷ ಟಾರ್ಪಾಲಿನ್ ಹೊದಿಸಿ ಇಡಬಹುದು. ಕಾಕಾ ಅವರ ಕಿವಿಯನ್ನು ಇಡಲಾಗದು. ಎಂಜಿನ್ನಿನ ಸದ್ದಿನಲ್ಲೇ ಯಾವ ನಾಝಲು ಸೋಂಬೇರಿಯೆಂದು ಹೇಳಬಲ್ಲವರು ಅವರು. ಅವರ ಮಕ್ಕಳಾರೂ ಈ ಕಸುಬಿಗೆ ಬರಲಿಲ್ಲ. ಅದಕ್ಕೆ ಅವರಿಗೆ ಬೇಸರವೂ ಇಲ್ಲ. ನನ್ನ ತಂದೆಯ ಹಾಗೆಯೇ ಅವರೂ ಮಕ್ಕಳ ಕೈ ಶುಭ್ರವಾಗಿರಲಿ ಎಂದು ಬಯಸಿದವರು. ಆ ಬಯಕೆಯ ಫಲವಾಗಿ ಕುರ್ಚಿಯಲ್ಲಿ ಕುಳಿತ ನಾನು ಈಗ ಪ್ರತಿ ಭಾನುವಾರ ಅವರ ಕಡೆಗೆ ಸ್ಪ್ಯಾನರ್ ಚಾಚುತ್ತೇನೆ. ಮೊದಮೊದಲು ತಪ್ಪು ಸೈಜಿನದನ್ನೇ ಕೊಡುತ್ತಿದ್ದೆ. ಈಚೆಗೆ ಅವರು ಕೇಳುವ ಮೊದಲೇ ಸರಿಯಾದದ್ದು ಕೈಗೆ ಬರುತ್ತಿದೆ.