ಮೆರವಣಿಗೆ ಮುಗಿದ ಮೇಲೆ ಆಕೆಯ ಜೊತೆ ಯಾರು?



ನಮ್ಮ ಕೇರಿಯ ಹೆಣ್ಣುಮಗಳ ಮೇಲೆ ಅತ್ಯಾಚಾರವಾದರೆ ನಾವೇನು ಮಾಡುತ್ತೇವೆಂಬುದು ಎಲ್ಲರಿಗೂ ಗೊತ್ತು. ಕರಪತ್ರ ಅಚ್ಚಾಗುತ್ತದೆ, ತಮಟೆ ಬರುತ್ತದೆ, ತಾಲ್ಲೂಕು ಕಚೇರಿ ಮುಂದೆ ಧಿಕ್ಕಾರ ಕೂಗುತ್ತೇವೆ, ತಹಶೀಲ್ದಾರರು ಮನವಿ ಈಸ್ಕೊಂಡು ಒಳಗೆ ಹೋಗುತ್ತಾರೆ. ಇದು ಬೇಡವೆಂದು ನಾವು ಹೇಳುತ್ತಿಲ್ಲ. ಧಿಕ್ಕಾರ ಕೂಗದಿದ್ದರೆ ಎಷ್ಟೋ ಠಾಣೆಗಳಲ್ಲಿ ದೂರನ್ನೇ ಬರಕೊಳ್ಳೋದಿಲ್ಲ.

ಆದರೆ ಅಂಥ ಒಂದು ದಿನ ನಾವು ರಸ್ತೆಯಲ್ಲಿ ಕೂಗುತ್ತಿದ್ದಾಗ ಆ ಹುಡುಗಿ ಆಸ್ಪತ್ರೆಯ ಪಡಸಾಲೆಯಲ್ಲಿ ಅವ್ವನ ಜೊತೆ ಕೂತಿದ್ದಳು. ಬೆಳಿಗ್ಗೆಯಿಂದ ಇಬ್ಬರ ಬಾಯಿಗೂ ಒಂದು ಲೋಟ ಕಾಫಿ ಬಿದ್ದಿರಲಿಲ್ಲ. ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ ಅಂತ ಆ ಅವ್ವನಿಗೆ ಗೊತ್ತಿರಲಿಲ್ಲ. ಮೆರವಣಿಗೆಯಲ್ಲಿದ್ದ ಇನ್ನೂರು ಜನರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಸಾಲದ್ದಕ್ಕೆ ನಮ್ಮ ಕರಪತ್ರದಲ್ಲಿ ಆಕೆಯ ಹೆಸರು, ಊರು, ಅಪ್ಪನ ಹೆಸರು ಎಲ್ಲಾ ಇತ್ತು. ಹಾಗೆ ಹೆಸರು ಅಚ್ಚು ಹಾಕುವುದು ಅಪರಾಧವೆಂದು ಕಾನೂನೇ ಇದೆ. ಕಾನೂನು ಹಾಗಿರಲಿ, ನಾಳೆ ಸಂತೆಗೆ ಹೋಗಬೇಕಾದವಳು ಆಕೆ, ನಾವಲ್ಲ ಅನ್ನೋದಾದರೂ ನಮಗೆ ಹೊಳೆಯಬೇಕಿತ್ತು.

ಇನ್ನೊಂದು ಮಾತು. ಪತ್ರಿಕೆಯವರು ಮಾನಭಂಗ, ಶೀಲಹರಣ ಅಂತ ಬರೆಯುತ್ತಿದ್ದರು. ನಮ್ಮ ಭಾಷಣಕಾರರೂ ಮೈಕು ಹಿಡಿದು ‘ಕೇರಿಯ ಮಾನ ಹೋಯಿತು’ ಅಂತಾರೆ. ಯಾರ ಮಾನ ಸ್ವಾಮಿ? ಮಾಡಿದವನ ಮಾನ ಹೋಗಬೇಕೋ, ಆಕೆಯದೋ? ಹೀಗೆ ಅಂದೋರೇ ತಿಂಗಳು ಕಳೆದ ಮೇಲೆ ‘ಹೋದ ಮಾನ ಬರೋದಿಲ್ಲ, ರಾಜಿ ಮಾಡ್ಕೊಳ್ರಪ್ಪ’ ಅಂತ ಜಗಲಿ ಮೇಲೆ ಕೂರುವುದನ್ನು ನಾವು ಕಂಡಿದ್ದೇವೆ.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೆ ಮಥುರಾ ಎಂಬ ಆದಿವಾಸಿ ಕೂಲಿ ಹುಡುಗಿಯ ಮೇಲೆ ಅತ್ಯಾಚಾರವಾಯಿತೆಂದು ಇಬ್ಬರು ಪೊಲೀಸರ ಮೇಲೆ ಕೇಸಾಯಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. ಮೈಮೇಲೆ ಗಾಯವಿಲ್ಲ, ಆಕೆ ಕೂಗಿಕೊಂಡಿಲ್ಲ ಅಂತ 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಬಿಟ್ಟಿತು. ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು.

1992ರಲ್ಲಿ ರಾಜಸ್ಥಾನದ ಭಟೇರಿ. ಬಾಲ್ಯವಿವಾಹ ತಡೆಯಲು ಹೋದ ಕುಂಬಾರ ಜಾತಿಯ ಭಂವರಿ ದೇವಿಯವರ ಮೇಲೆ ಮೇಲಿನವರು ಸೇಡು ತೀರಿಸಿಕೊಂಡರು. ವೈದ್ಯಕೀಯ ಪರೀಕ್ಷೆಯಾದದ್ದು ಎರಡು ದಿನ ಕಳೆದ ಮೇಲೆ. ಠಾಣೆಯವರು ಸಾಕ್ಷಿಗೆಂದು ಆಕೆಯ ಲಂಗವನ್ನೇ ಇಟ್ಟುಕೊಂಡರು. ಆಯಮ್ಮ ಗಂಡನ ರುಮಾಲು ಸುತ್ತಿಕೊಂಡು ರಾತ್ರಿಯಲ್ಲಿ ಹೊರಟರು. 1995ರಲ್ಲಿ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆಕೆಯ ಕೇಸಿನಿಂದ ಎದ್ದ ಹೋರಾಟದ ಫಲವಾಗಿ 1997ರಲ್ಲಿ ವಿಶಾಖಾ ತೀರ್ಪು ಬಂತು, ದೇಶದ ಆಫೀಸುಗಳ ಹೆಂಗಸರಿಗೆಲ್ಲ ರಕ್ಷಣೆಯ ನಿಯಮವಾಯಿತು. ಒಳ್ಳೆಯದೇ. ಆದರೆ ಆ ರಾತ್ರಿ ಒಂದು ಹಳೇ ಸೀರೆ ಹಿಡಿದುಕೊಂಡು, ನಾಲ್ಕಕ್ಷರ ಕಾನೂನು ತಿಳಿದ ಹೆಂಗಸೊಬ್ಬಳು ಆ ಠಾಣೆಯ ಬಾಗಿಲಲ್ಲಿ ನಿಂತಿದ್ದರೆ! ನಮ್ಮನ್ನು ಕಾಡುವುದು ಇದು.

ಈಗ ಕಾನೂನು ಇಲ್ಲವೆಂದು ಹೇಳುವ ಹಾಗಿಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಸೇರಿಸಿದ 15 ಎ ಕಲಮನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ನೊಂದವರು ಸಂಘಸಂಸ್ಥೆ, ಸಮಾಜ ಕಾರ್ಯಕರ್ತರು, ವಕೀಲರ ನೆರವು ಪಡೆಯುವುದು ಅವರ ಹಕ್ಕು ಎಂದು ಅಲ್ಲಿ ಬರೆದಿದೆ. ದಯೆ ಅಲ್ಲ, ಹಕ್ಕು. 1995ರ ನಿಯಮಗಳ 11ನೇ ನಿಯಮದ ಪ್ರಕಾರ ನೊಂದ ಹೆಂಗಸು ವಿಚಾರಣೆಗೆ, ಸಾಕ್ಷಿಗೆ ಹೋಗುವಾಗ ತನಗೆ ಬೇಕಾದವರನ್ನು ಜೊತೆಗೆ ಕರೆದೊಯ್ಯಬಹುದು. ಜೊತೆಗೆ ಹೋದವರ ಪ್ರಯಾಣದ ಖರ್ಚನ್ನೂ ಸರ್ಕಾರವೇ ಕೊಡಬೇಕು. ಯಾವ ಕಚೇರಿಯ ಗೋಡೆಯ ಮೇಲೂ ನಾವು ಇದನ್ನು ಬರೆದಿದ್ದು ಕಂಡಿಲ್ಲ.

ಪರಿಹಾರದ ದುಡ್ಡೂ ಹಾಗೇ. 2016ರ ತಿದ್ದುಪಡಿಯಂತೆ ಅತ್ಯಾಚಾರಕ್ಕೆ 5 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 8 ಲಕ್ಷ 25 ಸಾವಿರ. ಅರ್ಧ ವೈದ್ಯಕೀಯ ವರದಿ ಬಂದ ಮೇಲೆ, ಕಾಲು ಭಾಗ ಚಾರ್ಜ್‌ಶೀಟು ಕೋರ್ಟಿಗೆ ಹೋದಾಗ, ಉಳಿದದ್ದು ಕೆಳಗಿನ ಕೋರ್ಟಿನಲ್ಲಿ ವಿಚಾರಣೆ ಮುಗಿದಾಗ. ಅಂದರೆ ಮೊದಲ ಕಂತು ನಿಂತಿರುವುದೇ ಆಸ್ಪತ್ರೆಯ ಕಾಗದದ ಮೇಲೆ. ‘ಮೊದಲು ಪೊಲೀಸ್ ಕಾಗದ ತಗೊಂಡ್ ಬಾ’ ಅಂತ ಯಾವ ಆಸ್ಪತ್ರೆಯೂ, ಖಾಸಗಿಯದೂ ಸೇರಿ, ವಾಪಸ್ ಕಳಿಸುವಂತಿಲ್ಲ. ಬಿಟ್ಟಿ ಚಿಕಿತ್ಸೆ ಕೊಡಲೇಬೇಕು. ಆ ಎರಡು ಬೆರಳಿನ ಪರೀಕ್ಷೆಯನ್ನು 2013ರಲ್ಲೂ 2022ರಲ್ಲೂ ಸುಪ್ರೀಂ ಕೋರ್ಟು ತಪ್ಪೆಂದು ಹೇಳಿದೆ. ಡಾಕ್ಟರ ಮುಂದೆ ಇದನ್ನೆಲ್ಲ ಹೇಳುವವರು ಯಾರು? ಜ್ವರ ಬಂದಂತೆ ನಡುಗುತ್ತಿರುವ ಹುಡುಗಿಯೇ?

ಜಿಲ್ಲಾ ಕೇಂದ್ರದಲ್ಲಿ 2015ರಿಂದ ಬಂದ ‘ಸಖಿ’ ಕೇಂದ್ರವಿದೆ, 181ಕ್ಕೆ ಫೋನು ಮಾಡಬಹುದು. ಅಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಬೈಯಲು ನಾವು ಈ ಹಾಳೆ ತುಂಬಿಸುತ್ತಿಲ್ಲ. ಆದರೆ ನಮ್ಮ ಕೇರಿಯಿಂದ ಅಲ್ಲಿಗೆ ಎರಡು ಬಸ್ಸು ಹತ್ತಬೇಕು, ಕಡೇ ಬಸ್ಸು ಏಳಕ್ಕೇ ಹೋಗುತ್ತದೆ.

ಆಮೇಲಿನ ಕತೆ ಇನ್ನೂ ಉದ್ದ. ಆಕೆಯ ಮನೆಯವರೆಲ್ಲ ಕೂಲಿ ಮಾಡುತ್ತಿದ್ದುದು ಆರೋಪಿಯ ಹೊಲದಲ್ಲೇ. ಕೇಸಾದ ವಾರಕ್ಕೆ ಕೂಲಿ ನಿಂತಿತು, ಅಂಗಡಿಯ ಸಾಲ ನಿಂತಿತು. ಕೋರ್ಟಿನಲ್ಲಿ ಅಪ್ಪ ಮಾತು ಬದಲಿಸಿದಾಗ ‘ದುಡ್ಡಿಗೆ ಮಾರಿಕೊಂಡ’ ಎಂದು ನಾವೇ ಬೈದೆವು. ಅಷ್ಟು ವರ್ಷ ಆ ಮನೆಯ ಒಲೆ ಹೇಗೆ ಹತ್ತಿತೆಂದು ನಾವು ಒಂದು ದಿನ ಹೋಗಿ ಕೇಳಿರಲಿಲ್ಲ. ಹೊಟ್ಟೆಗೆ, ಮನೆ ಬದಲಿಸುವುದಕ್ಕೆ, ಬದುಕು ಕಟ್ಟಿಕೊಳ್ಳುವುದಕ್ಕೆ ಸರ್ಕಾರ ನೆರವಾಗಬೇಕೆಂದು ಅದೇ 15 ಎ ಕಲಮಿನಲ್ಲಿದೆ. ನಾವು ಕೊಟ್ಟ ಮನವಿಯಲ್ಲಿ ‘ಉಗ್ರ ಶಿಕ್ಷೆ’ ಅಂತ ಏಳು ಸಾರಿ ಇತ್ತು, ಇದು ಒಂದು ಸಾರಿಯೂ ಇರಲಿಲ್ಲ.

ಅದಕ್ಕೇ ನಾವು ಕೇಳುವುದು ಇಷ್ಟು. ಹೋಬಳಿಗೆ ಇಬ್ಬರು ಹೆಣ್ಣುಮಕ್ಕಳು, ನಮ್ಮ ಕೇರಿಯವರೇ, ಈ ಕಲಮುಗಳನ್ನು ಕೂತು ಕಲಿಯಲಿ. ರಾತ್ರಿ ಎಷ್ಟೊತ್ತಿಗೇ ಕರೆದರೂ ಹೋಗಿ ಆಕೆಯ ಪಕ್ಕ ಕೂರಲಿ. ದೂರು ಕೊಡಬೇಕೋ ಬೇಡವೋ, ಮೆರವಣಿಗೆ ಬೇಕೋ ಬೇಡವೋ ಅಂತ ಮೊದಲು ಆಕೆಯನ್ನು ಕೇಳಲಿ. ಸರ್ಕಾರದ ದುಡ್ಡು ಬರುವ ತನಕ ಬಸ್ ಚಾರ್ಜು ಸಂಘದ ಡಬ್ಬಿಯಿಂದ ಹೋಗಲಿ. ಹೋದ ಸಲದ ಪೆಂಡಾಲಿಗೆ ಕೊಟ್ಟಷ್ಟೇನೂ ಆಗುವುದಿಲ್ಲ.

ಮುಂದಿನ ತಾಲ್ಲೂಕು ಸಭೆಯಲ್ಲಿ ಇದನ್ನು ಮೊದಲನೇ ವಿಷಯವಾಗಿ ಇಡಬೇಕು. ಸಭೆಯನ್ನು ಸಂಜೆ ಏಳಕ್ಕೆ ಕರೆಯಬೇಡಿ, ಆ ಹೊತ್ತಿಗೆ ನಮ್ಮ ಅಕ್ಕತಂಗಿಯರೆಲ್ಲ ಒಲೆ ಮುಂದೆ ಇರುತ್ತಾರೆ.